ಕೊನೆಯ ಪದ ಕೇಳಿಸಿತೇ?

ವಿಜಯಪುರದಿಂದ ಅಥಣಿ ರಸ್ತೆಯಲ್ಲಿ ತಿಕೋಟಾ ಕಡೆಗೆ ಹೊರಟ ಬಸ್ಸಿನಲ್ಲಿ ಕುಳಿತು ಸುಮ್ಮನೆ ಕಿವಿಗೊಡಿ. ಒಬ್ಬರು ಕನ್ನಡ, ಇನ್ನೊಬ್ಬರು ಮರಾಠಿ, ಹಿಂದಿನ ಸೀಟಿನವರು ಉರ್ದು, ಮತ್ತೊಬ್ಬರು ಲಂಬಾಣಿ ಮಾತನಾಡುತ್ತಿರಬಹುದು. ಎಲ್ಲವೂ ಕೇಳಿಸುತ್ತದೆ. ಆದರೆ ಎಲ್ಲವೂ ತಿಳಿಯುತ್ತದೆಯೇ?

ಒಂದು ಪ್ರಸಂಗ ಊಹಿಸಿಕೊಳ್ಳಿ. ತಿಕೋಟಾ ಹತ್ತಿರದ ದ್ರಾಕ್ಷಿ ತೋಟ. ಹಣ್ಣು ಕೊಯ್ಲಿಗೆ ಬಂದಿದೆ. ಮಹಾರಾಷ್ಟ್ರದ ವ್ಯಾಪಾರಿಯೊಬ್ಬರು ತೋಟದವರಿಗೆ ಹೇಳುತ್ತಾರೆ: "ಉದ್ಯಾ ಔಷಧ ಮಾರೂ ನಕಾ."

'ಔಷಧ' ನಮಗೆ ಗೊತ್ತಿರುವ ಪದ. 'ಮಾರು' ಎಂದರೆ ಕನ್ನಡದಲ್ಲಿ ಹಣಕ್ಕೆ ಕೊಡುವುದು. ಆದರೆ ಮರಾಠಿ ರೈತರು 'ಔಷಧ ಮಾರಣೆ' ಎಂದರೆ ಔಷಧ ಹೊಡೆಯುವುದು! 'ಉದ್ಯಾ' ಎಂದರೆ ನಾಳೆ, 'ನಕಾ' ಎಂದರೆ ಬೇಡಿ. ಅಂದರೆ, "ನಾಳೆ ಔಷಧ ಹೊಡೆಯಬೇಡಿ." ಕೊನೆಯ ಪದ ಕೇಳುವ ಮೊದಲೇ "ಹೂಂ, ಆಯ್ತು" ಎಂದು ಹೊರಟರೆ ಅರ್ಥ ತಲೆಕೆಳಗಾಗುತ್ತದೆ. ಕೊಯ್ಲಿನ ಹೊತ್ತಿನಲ್ಲಿ ಹೊಡೆದ ಔಷಧದ ಅಂಶ ಹಣ್ಣಿನಲ್ಲೇ ಉಳಿದು ತಿನ್ನುವವರ ಹೊಟ್ಟೆ ಸೇರಬಹುದು.

ಹೀಗೇಕಾಗುತ್ತದೆ?

ಶಬ್ದದ ಅಲೆ ಕಿವಿತಮಟೆಯನ್ನು ಕಂಪಿಸುತ್ತದೆ. 3 ಪುಟ್ಟ ಮೂಳೆಗಳು ಆ ಕಂಪನವನ್ನು ಒಳಕಿವಿಗೆ ಸಾಗಿಸುತ್ತವೆ. ಅಲ್ಲಿ ಶಂಖದಂತೆ ಸುರುಳಿಯಾಗಿರುವ ಕಾಕ್ಲಿಯಾ ಅದನ್ನು ನರಸಂದೇಶವಾಗಿ ಬದಲಿಸಿ ಮೆದುಳಿಗೆ ಕಳಿಸುತ್ತದೆ. ಅರ್ಥ ಮಾಡಿಕೊಳ್ಳುವುದು ಮೆದುಳು. ಅದಕ್ಕೊಂದು ಅವಸರ: ಮಾತು ಮುಗಿಯುವ ಮೊದಲೇ ತನಗೆ ಗೊತ್ತಿರುವ ಪದಗಳಿಂದ ಮುಂದಿನದನ್ನು ಊಹಿಸುತ್ತದೆ.

ಕನ್ನಡ, ಮರಾಠಿ, ಉರ್ದು ಮೂರರಲ್ಲೂ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ. ಉರ್ದುವಿನ 'ಕಲ್' ನೋಡಿ. 'ಕಲ್ ಆಯೇ ಥೇ' ಎಂದರೆ ನಿನ್ನೆ ಬಂದಿದ್ದರು, 'ಕಲ್ ಆಯೇಂಗೇ' ಎಂದರೆ ನಾಳೆ ಬರುತ್ತಾರೆ. ನಿನ್ನೆಯೋ ನಾಳೆಯೋ ಎಂಬುದನ್ನು ತಿಳಿಸುವುದು ಕೊನೆಯ ಪದವೇ!

ಮಾಡಿ ನೋಡಿ

ಮನೆಯಲ್ಲಿ ಬೇರೆ ಬೇರೆ ಭಾಷೆ ಆಡುವ ಇಬ್ಬರು ಜೊತೆಯಾಗಿ. ಒಬ್ಬರು ತಮ್ಮ ಮನೆಮಾತಿನಲ್ಲಿ ಒಂದು ಕೆಲಸ ಹೇಳಲಿ. ಇನ್ನೊಬ್ಬರು:

1. ಮುಖ ನೋಡುತ್ತ, ಮಾತು ಮುಗಿಯುವವರೆಗೆ ನಡುವೆ ಬಾಯಿ ಹಾಕದೆ ಕೇಳಲಿ.
2. ತಿಳಿಯದ ಪದವನ್ನು ಊಹಿಸದೆ, ಅದರ ಅರ್ಥ ಕೇಳಲಿ.
3. ತಿಳಿದದ್ದನ್ನು ಕನ್ನಡದಲ್ಲಿ ತಿರುಗಿ ಹೇಳಿ, "ಇದು ಸರಿಯೇ?" ಎನ್ನಲಿ.

ನಂತರ ಪಾತ್ರ ಬದಲಿಸಿ. ಎಷ್ಟು ಸಲ ತಪ್ಪಾಯಿತು, ಯಾವ ಪದದಲ್ಲಿ ತಪ್ಪಾಯಿತು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

"ತಿಳೀಲಿಲ್ರೀ, ಇನ್ನೊಮ್ಮೆ ಹೇಳ್ರಿ" ಎನ್ನಲು ನಾಚಿಕೆ ಬೇಡ. ತಿಳಿಯದೆ ತಲೆಯಾಡಿಸುವುದಕ್ಕಿಂತ ಅದೇ ಜಾಣತನ.