ಹಾಸಿಗೆಯ ಪಕ್ಕ ಕುಳಿತು ಕಲಿತದ್ದು

ಕರಾವಳಿಯ ನಮ್ಮ ಸಭೆ ಬಾಸೆಲ್ ಮಿಶನ್ ಕಾಲದಿಂದ ಬಂದದ್ದು. 1834ರಲ್ಲಿ ಮಂಗಳೂರಿಗೆ ಬಂದ ಆ ಮಿಶನರಿಗಳು ಶಾಲೆ, ಛಾಪಖಾನೆ, ಹೆಂಚಿನ ಕಾರ್ಖಾನೆ ಕಟ್ಟಿದ್ದು ಚರಿತ್ರೆಯ ಪುಸ್ತಕಗಳಲ್ಲಿದೆ. ಪುಸ್ತಕಕ್ಕೆ ಅಷ್ಟಾಗಿ ಬಾರದ ಒಂದು ರೂಢಿಯೂ ನಮ್ಮ ಸಭೆಗಳಲ್ಲಿ ಉಳಿದಿದೆ: ಊರಿನ ಆಸ್ಪತ್ರೆಗೆ ಹೋಗಿ ರೋಗಿಗಳ ಜೊತೆ ಕುಳಿತು ಪ್ರಾರ್ಥಿಸುವುದು, ಕಷ್ಟದಲ್ಲಿರುವ ಮನೆಗೆ ಹೋಗಿ ಸತ್ಯವೇದ ಓದುವುದು. ಶಾಲೆಯ ಕೆಲಸದಿಂದ ನಿವೃತ್ತಳಾದ ಮೇಲೆ ಈ ಭೇಟಿಯೇ ನನ್ನ ಮುಖ್ಯ ಕೆಲಸವಾಗಿದೆ. ಇದಕ್ಕೆ ಹೊಸದಾಗಿ ಬರುವವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ: "ಅಲ್ಲಿ ಹೋಗಿ ಏನು ಹೇಳಬೇಕು ಟೀಚರ್?" ಸರಿಯಾದ ಮಾತು ಹುಡುಕುವುದಕ್ಕಿಂತ ಸುಳ್ಳು ಮಾತು ಆಡದಿರುವುದೇ ಇಲ್ಲಿ ಮುಖ್ಯ ಎಂಬುದು ನನ್ನ ಅನುಭವ. ದೇವರನ್ನು ನಂಬುವವರು ದೇವರ ಮುಂದೆ ನಿಜ ಹೇಳಲು ಹೆದರಬೇಕಾಗಿಲ್ಲ. ಕೆಳಗಿನ ಪಾಠಗಳೆಲ್ಲ ಇದರ ಸುತ್ತಲೇ ಇವೆ.

1. ಮೊದಲು ಕೇಳಿ, ಆಮೇಲೆ ಪ್ರಾರ್ಥಿಸಿ

ಯೆರಿಕೋವಿನ ದಾರಿಬದಿಯಲ್ಲಿ ಕುರುಡ ಬಾರ್ತಿಮಾಯ ಕೂಗಿಕೊಂಡಾಗ ಯೇಸು ಅವನನ್ನು ಕರೆಸಿ, ನಿನಗೆ ಏನಾಗಬೇಕು ಎಂದು ಕೇಳಿದನು. ಕುರುಡನಿಗೆ ಏನು ಬೇಕೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಆದರೂ ಕೇಳಿದನು. ನಾವು ಮಾತ್ರ ಕೇಳದೆಯೇ ಕಣ್ಣು ಮುಚ್ಚಿ ಶುರು ಮಾಡಿಬಿಡುತ್ತೇವೆ.

ಗರ್ಭಕೋಶದ ಆಪರೇಷನ್ ಆಗಿದ್ದ ಒಬ್ಬ ಹೆಂಗಸಿನ ಬಳಿ ಒಮ್ಮೆ ಸ್ಟೂಲು ಎಳೆದುಕೊಂಡು ಕುಳಿತೆ. ಒಂದು ಕೈಗೆ ಡ್ರಿಪ್ ಹಾಕಿದ್ದರು, ಇನ್ನೊಂದು ಕೈ ಹೊಟ್ಟೆಯ ಮೇಲಿತ್ತು. "ನಿಮಗಾಗಿ ದೇವರ ಹತ್ತಿರ ಏನು ಕೇಳಲಿ?" ಎಂದೆ. ಗಾಯದ ಮಾತೇ ಎತ್ತಲಿಲ್ಲ. "ಮನೆಯಲ್ಲಿ ಹಸು ಕರು ಹಾಕುವ ಹೊತ್ತು ಟೀಚರ್. ನಮ್ಮವರೊಬ್ಬರೇ ಇದ್ದಾರೆ, ಅವರಿಗೆ ಅದೆಲ್ಲ ಗೊತ್ತಾಗುವುದಿಲ್ಲ" ಎಂದರು. ಹಸುವಿಗಾಗಿಯೂ ಅದರ ಹತ್ತಿರ ಲಾಟೀನು ಹಿಡಿದು ಕೂರಬೇಕಾದ ಆ ಗಂಡಸಿಗಾಗಿಯೂ ಪ್ರಾರ್ಥಿಸಿದೆವು. ಅವರು ಹಿಂದೂ ಮನೆಯವರು. ಪ್ರಾರ್ಥನೆ ಬೇಡವೆಂದಿದ್ದರೆ ಕ್ಷೇಮ ವಿಚಾರಿಸಿ ಎದ್ದು ಬರುತ್ತಿದ್ದೆ. ಒಪ್ಪಿಗೆ ಇಲ್ಲದ ಕಡೆ ಪ್ರಾರ್ಥನೆಯನ್ನು ಹೇರಬಾರದು, ರೋಗಿಗೆ ಎದ್ದು ಹೋಗುವ ಶಕ್ತಿಯಿಲ್ಲ ಎಂಬುದನ್ನು ಮರೆಯಬಾರದು.

2. ಚಿಕ್ಕ ಪ್ರಾರ್ಥನೆ ಸಾಕು

ಕರ್ತನ ಪ್ರಾರ್ಥನೆಯನ್ನು ನಿಧಾನವಾಗಿ ಹೇಳಿದರೂ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ನೀರಿನಲ್ಲಿ ಮುಳುಗುತ್ತಿದ್ದ ಪೇತ್ರನಿಗೆ ಒಂದು ಕೂಗಿಗಷ್ಟೇ ಸಮಯವಿತ್ತು. ನೋವಿನಲ್ಲಿರುವವರ ಮುಂದೆ ಆದಿಕಾಂಡದಿಂದ ಪ್ರಕಟನೆಯವರೆಗೆ ಹೋಗಿ ಬರಬೇಡಿ. ಕುಳಿತುಕೊಳ್ಳಿ, ಮೇಲೆ ನಿಂತು ನೋಡಬೇಡಿ. ಪಕ್ಕದ ಹಾಸಿಗೆಯವರಿಗೆ ನಿದ್ದೆ ಬಂದಿರಬಹುದು, ದನಿ ತಗ್ಗಿಸಿ. ರೋಗಿಯ ಹೆಸರು ಹೇಳಿ, ಅವರು ಕೇಳಿದ್ದನ್ನು ಹೇಳಿ, ಆಮೆನ್ ಅನ್ನಿ.

3. ಅಳುವವರನ್ನು ಅಳಲು ಬಿಡಿ

"ಅಳಬೇಡಿ, ನಂಬಿಕೆಯಿಂದಿರಿ" ಎಂಬ ಮಾತು ನಮ್ಮವರ ಬಾಯಿಗೆ ಬಹಳ ಬೇಗ ಬರುತ್ತದೆ. ಸತ್ಯವೇದ ಹಾಗೆ ಯಾರ ಬಾಯಿಯನ್ನೂ ಮುಚ್ಚಿಸುವುದಿಲ್ಲ. 150 ಕೀರ್ತನೆಗಳಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಗೋಳು, ದೂರು, ಇನ್ನೂ ಎಷ್ಟು ಕಾಲ ಎಂಬ ಪ್ರಶ್ನೆ. ಅವುಗಳಲ್ಲಿ ಹೆಚ್ಚಿನವು ಕೊನೆಗೆ ಸ್ತುತಿಯ ಕಡೆ ತಿರುಗುತ್ತವೆ. 88ನೆಯ ಕೀರ್ತನೆ ತಿರುಗುವುದಿಲ್ಲ, ಕತ್ತಲಲ್ಲೇ ಮುಗಿಯುತ್ತದೆ. ಆದರೆ ಆ ಗೋಳೆಲ್ಲ ದೇವರನ್ನು ಕರೆದೇ ಹೇಳಿದ್ದು. ಮಗುವನ್ನು ಕಳೆದುಕೊಂಡ ಒಂದು ಮನೆಯಲ್ಲಿ ನಾನು ಅದನ್ನು ಓದಿದಾಗ ತಂದೆ ತಲೆ ಎತ್ತಿ, "ಇದು ಸತ್ಯವೇದದಲ್ಲೇ ಇದೆಯಾ?" ಎಂದು ಕೇಳಿದರು. ಪುಸ್ತಕ ಕೈಗೆ ತೆಗೆದುಕೊಂಡು ಬೆರಳಿಟ್ಟು ತಾವೇ ಇನ್ನೊಮ್ಮೆ ಓದಿದರು. ಮೂರು ದಿನದಿಂದ ಅವರು ಯಾರ ಜೊತೆಗೂ ಮಾತಾಡಿರಲಿಲ್ಲ.

ಯೋಬನ ಗೆಳೆಯರು ಏಳು ದಿನ ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕುಳಿತರು. ಅದು ಅವರು ಮಾಡಿದ ಒಳ್ಳೆಯ ಕೆಲಸ. ಅವನ ಕಷ್ಟಕ್ಕೆ ಕಾರಣ ಹೇಳತೊಡಗಿದ ಮೇಲೆ ಎಲ್ಲ ಕೆಟ್ಟಿತು, ಕೊನೆಗೆ ದೇವರೇ ಅವರ ಮೇಲೆ ಕೋಪಗೊಂಡನು. ಮಗು ಸತ್ತ ತಾಯಿಗೆ "ದೇವರಿಗೆ ಬೇಕಾಗಿತ್ತು, ಕರೆದುಕೊಂಡ" ಎಂದು ಹೇಳುವವರನ್ನು ಕಂಡರೆ ನನಗೆ ಸಹಿಸಲಾಗುವುದಿಲ್ಲ. ಲಾಜರನ ಸಮಾಧಿಯ ಮುಂದೆ ಯೇಸು ಅತ್ತನು. ನಮಗೆ ಅದಕ್ಕಿಂತ ದೊಡ್ಡ ಧೈರ್ಯ ಯಾಕೆ?

4. ಕ್ಷಮೆಗೆ ಗಡುವು ಹಾಕಬೇಡಿ

ಭೇಟಿಯ ಕೆಲಸದಲ್ಲಿ ಅತಿ ಹೆಚ್ಚು ತಾಳ್ಮೆ ಬೇಕಾದದ್ದು ಇಲ್ಲಿ. ಎಷ್ಟು ಸಲ ಕ್ಷಮಿಸಬೇಕು, ಏಳು ಸಲವೋ ಎಂದು ಪೇತ್ರ ಕೇಳಿದ್ದಕ್ಕೆ ಯೇಸು ಏಳೆಪ್ಪತ್ತು ಸಲ ಎಂದ ಪ್ರಸಂಗವನ್ನು ನಾವೆಲ್ಲ ಭಾನುವಾರ ಶಾಲೆಯಲ್ಲೇ ಕಲಿತವರು. ಅದನ್ನು ನೊಂದವರ ತಲೆಯ ಮೇಲೆ ಹೇರುವುದನ್ನೂ ಎಲ್ಲಿಂದಲೋ ಕಲಿತಿದ್ದೇವೆ. "ಬರುವ ಭಾನುವಾರ ಕರ್ತನ ಭೋಜನ ಇದೆ, ಅಷ್ಟರೊಳಗೆ ಕ್ಷಮಿಸಿಬಿಡು" ಎನ್ನುತ್ತೇವೆ. ಕೀವನ್ನು ಒಳಗೇ ಬಿಟ್ಟು ಹೊಲಿಗೆ ಹಾಕಿದ ಗಾಯದ ಹಾಗೆ ಅದು, ಹೊರಗೆ ನೋಡಲು ಚೆನ್ನ.

ಯೋಸೇಫನನ್ನು ಅಣ್ಣಂದಿರು ಮಾರಿದಾಗ ಅವನಿಗೆ 17 ವರ್ಷ. ಅವರನ್ನು ಅಪ್ಪಿಕೊಂಡು ಅತ್ತಾಗ, ಆದಿಕಾಂಡದ ಲೆಕ್ಕದಂತೆ, 39. ನಡುವೆ 22 ವರ್ಷ. ಕ್ಷಮಿಸುವಾಗಲೂ ಅವನು ಏನೂ ಆಗಿಲ್ಲ ಎನ್ನಲಿಲ್ಲ. ನೀವು ನನ್ನನ್ನು ಮಾರಿದಿರಿ ಎಂದು ಅವರ ಮುಖದೆದುರೇ ಹೇಳಿದನು.

ನಮ್ಮ ಕಾಲದ್ದೇ ಒಂದು ನಿದರ್ಶನವಿದೆ. ಕೇರಳದಿಂದ ಹೋಗಿ ಮಧ್ಯಪ್ರದೇಶದ ಹಳ್ಳಿಗಳಲ್ಲಿ ಬಡ ಆದಿವಾಸಿಗಳ ನಡುವೆ ದುಡಿಯುತ್ತಿದ್ದ ಸಿಸ್ಟರ್ ರಾಣಿ ಮರಿಯಾ ಅವರ ಕೆಲಸದಿಂದ ಬಡ್ಡಿ ವ್ಯವಹಾರದವರಿಗೆ ನಷ್ಟವಾಗುತ್ತಿತ್ತು. 1995ರ ಫೆಬ್ರವರಿ 25ರಂದು ಬಸ್ಸಿನಲ್ಲಿ ಪ್ರಯಾಣಿಸುತ್ತಿದ್ದ ಅವರನ್ನು ಸಮುಂದರ್ ಸಿಂಗ್ ಎಂಬವನು ಇರಿದು ಕೊಂದನು. ಅವರ ತಂಗಿ ಸೆಲ್ಮಿ ಪಾಲ್ ಕೂಡ ಸನ್ಯಾಸಿನಿ. 2002ರಲ್ಲಿ, ಅಂದರೆ ಏಳು ವರ್ಷದ ಮೇಲೆ, ಅವರು ಜೈಲಿಗೆ ಹೋಗಿ ಅಕ್ಕನನ್ನು ಕೊಂದ ಕೈಗೆ ರಾಖಿ ಕಟ್ಟಿದರು. ಅವನ ಬಿಡುಗಡೆಗೆ ಆ ಕುಟುಂಬವೇ ಒಪ್ಪಿಗೆ ಕೊಟ್ಟಿತು, 2006ರಲ್ಲಿ ಅವನು ಹೊರಬಂದನು. ಆಮೇಲೆ ಕೇರಳಕ್ಕೆ ಹೋಗಿ ಅವರ ತಾಯಿಯನ್ನೂ ಕಂಡನು. 2017ರ ನವೆಂಬರ್ 4ರಂದು ಇಂದೋರಿನಲ್ಲಿ ರಾಣಿ ಮರಿಯಾ ಅವರನ್ನು ಕಥೋಲಿಕ ಸಭೆ ಧನ್ಯರೆಂದು ಘೋಷಿಸಿತು.

ಈ ಪ್ರಸಂಗವನ್ನು ಹೇಳುವವರೆಲ್ಲ ರಾಖಿಯ ಹತ್ತಿರ ನಿಲ್ಲುತ್ತಾರೆ. ನಾನು ಆ ಏಳು ವರ್ಷಗಳ ಹತ್ತಿರ ನಿಲ್ಲುತ್ತೇನೆ. ಸನ್ಯಾಸಿನಿಯ ಪ್ರಾರ್ಥನಾ ಜೀವನವಿದ್ದವರಿಗೂ ಜೈಲಿನ ಬಾಗಿಲ ತನಕ ಹೋಗಲು ಅಷ್ಟು ಸಮಯ ಹಿಡಿಯಿತು. ಮೊನ್ನೆ ಮೊನ್ನೆ ಮೋಸಹೋದ ಒಬ್ಬ ಗೃಹಿಣಿಗೆ ನಾವು ಒಂದು ವಾರ ಕೊಡುತ್ತೇವೆ! "ಕ್ಷಮಿಸಲು ಇನ್ನೂ ಮನಸ್ಸು ಬರುತ್ತಿಲ್ಲ ಕರ್ತನೇ" ಎಂಬುದೂ ಪ್ರಾರ್ಥನೆಯೇ. ಅದನ್ನು ಅವರ ಜೊತೆ ಸೇರಿ ಹೇಳಿ. ಎಷ್ಟೋ ಮಂದಿಯಲ್ಲಿ ಕ್ಷಮೆ ಶುರುವಾದದ್ದು ಆ ಮಾತಿನಿಂದಲೇ.

5. ಕ್ಷಮಿಸಿದವರು ಕೋರ್ಟಿಗೆ ಹೋಗಬಾರದೆಂದೇನಿಲ್ಲ

ಒಡಿಶಾದ ಬಾರಿಪದದಲ್ಲಿ ಕುಷ್ಠರೋಗಿಗಳ ಸೇವೆ ಮಾಡುತ್ತಿದ್ದ ಆಸ್ಟ್ರೇಲಿಯಾದ ಗ್ರಹಾಂ ಸ್ಟೇನ್ಸ್ ಅವರನ್ನೂ ಇಬ್ಬರು ಚಿಕ್ಕ ಗಂಡುಮಕ್ಕಳನ್ನೂ 1999ರ ಜನವರಿಯಲ್ಲಿ ಮನೋಹರಪುರದಲ್ಲಿ, ವಾಹನದೊಳಗೆ ಮಲಗಿದ್ದಾಗ ಸುಟ್ಟು ಕೊಂದರು. ಪತ್ನಿ ಗ್ಲಾಡಿಸ್ ಕ್ಷಮಿಸಿದ್ದೇನೆ ಎಂದರು, ಮಗಳೊಂದಿಗೆ ಅಲ್ಲೇ ಉಳಿದು 2004ರ ತನಕ ಅದೇ ರೋಗಿಗಳ ಸೇವೆ ಮುಂದುವರಿಸಿದರು. ಆದರೆ ಮೊಕದ್ದಮೆ ನಡೆಯಿತು, ಮುಖ್ಯ ಅಪರಾಧಿಯ ಜೀವಾವಧಿ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 2011ರಲ್ಲಿ ಎತ್ತಿಹಿಡಿಯಿತು. ಗ್ಲಾಡಿಸ್ ಅವರ ಕ್ಷಮೆಗೆ ಇದರಿಂದ ಒಂದು ಕೂದಲೆಳೆಯಷ್ಟೂ ಕುಂದು ಬರಲಿಲ್ಲ.

ಇದನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಗಂಡನಿಂದ ಏಟು ತಿಂದ ಹೆಣ್ಣುಮಗಳು ತವರಿಗೆ ಬಂದರೆ "ಕ್ಷಮಿಸಿ ಹೊಂದಿಕೊಂಡು ಹೋಗಮ್ಮ" ಎಂದು ವಾಪಸು ಕಳುಹಿಸುವ ಹಿರಿಯರು ನಮ್ಮ ಸಭೆಗಳಲ್ಲೂ ಇದ್ದಾರೆ. ಇದು ಸುವಾರ್ತೆಯಲ್ಲ. ಅವಳು ಕ್ಷಮಿಸಿಯೂ ದೂರ ಇರಬಹುದು, ಕ್ಷಮಿಸಿಯೂ ದೂರು ಕೊಡಬಹುದು. ಕೌಟುಂಬಿಕ ಹಿಂಸೆಯ ವಿರುದ್ಧ 2005ರ ಕಾಯ್ದೆಯಿದೆ, 181 ಎಂಬ ಮಹಿಳಾ ಸಹಾಯವಾಣಿಯಿದೆ. ಭೇಟಿಗೆ ಹೋಗುವವರ ಫೋನಿನಲ್ಲಿ ಆ ನಂಬರ್ ಇರಬೇಕು. ಮೊದಲು ಅವಳು ಸುರಕ್ಷಿತಳಾಗಲಿ, ಕ್ಷಮೆಯ ಮಾತು ಆಮೇಲೆ, ಅದೂ ಅವಳಾಗಿ ಎತ್ತಿದರೆ.

6. ಕಿತ್ತುಕೊಂಡದ್ದನ್ನು ಕೊಟ್ಟು ಕ್ಷಮೆ ಕೇಳಿ

ಜಕ್ಕಾಯ ಯೇಸುವಿನ ಮುಂದೆ ಅಳಲಿಲ್ಲ, ಲೆಕ್ಕ ಹೇಳಿದನು: ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸ ಮಾಡಿ ತೆಗೆದುಕೊಂಡದ್ದಕ್ಕೆ ನಾಲ್ಕು ಪಟ್ಟು.

ಒಂದು ಮನೆತನದ ಅಣ್ಣ ತಮ್ಮಂದಿರಿಗೆ ತೆಂಗಿನ ತೋಟದ ಗಡಿಯ ವಿಷಯದಲ್ಲಿ ಮಾತು ನಿಂತು ಹೋಗಿತ್ತು. ಒಬ್ಬರು ಕರ್ತನ ಮೇಜಿಗೆ ಬಂದರೆ ಇನ್ನೊಬ್ಬರು ಬೆಂಚಿನಲ್ಲೇ ಕೂರುತ್ತಿದ್ದರು. ಅಣ್ಣ ಪ್ರತಿ ಕ್ರಿಸ್ಮಸ್‌ಗೆ ಕುಸ್ವಾರ್ ತಿಂಡಿ ಕಳುಹಿಸುತ್ತಿದ್ದರು, ತಮ್ಮನ ಮನೆಯವರು ಡಬ್ಬ ಮುಟ್ಟುತ್ತಿರಲಿಲ್ಲ. ಸಭಾಪಾಲಕರು ಪ್ರಾರ್ಥನಾ ಕೂಟ ಇಡುವ ಬದಲು ಸರ್ವೆಯರ್ ಕರೆಸೋಣ ಎಂದರು. ಅಳತೆಯಾಯಿತು, ಬೇಲಿ ಸರಿಯಿತು, ತಮ್ಮನ ಪಾಲು ಅವರ ಹೆಸರಿನ ಪಹಣಿಗೆ ಬಂತು. ಆ ಮೇಲೆ ಅಣ್ಣ ಕ್ಷಮೆ ಕೇಳಿದರು, ತಮ್ಮ ಮಾತಾಡಿದರು. ಬಲಿಪೀಠದ ಮುಂದೆ ಕಾಣಿಕೆ ಬಿಟ್ಟು ಮೊದಲು ಸಹೋದರನೊಂದಿಗೆ ಸಂಧಾನ ಮಾಡಿಕೊಂಡು ಬಾ ಎಂಬ ಯೇಸುವಿನ ಆಜ್ಞೆಯನ್ನು ಪಾಲಿಸಲು ಕೆಲವೊಮ್ಮೆ ತಾಲೂಕು ಕಚೇರಿಯ ಮೆಟ್ಟಿಲು ಹತ್ತಬೇಕಾಗುತ್ತದೆ.

7. ಮಾತ್ರೆ ನಿಲ್ಲಿಸಿ ಎನ್ನುವವರನ್ನು ನಂಬಬೇಡಿ

ಪೌಲನ ಜೊತೆಗಾರ ಲೂಕ ವೈದ್ಯ. ತಿಮೊಥೆಯ ಹೊಟ್ಟೆಯ ತೊಂದರೆಗೆ ಪೌಲ ಸ್ವಲ್ಪ ದ್ರಾಕ್ಷಾರಸ ಕುಡಿ ಎಂದು ಮದ್ದು ಹೇಳಿದನು. ನಮ್ಮ ಕರಾವಳಿಯಲ್ಲೇ ಡಾ. ಈವಾ ಲೊಂಬಾರ್ಡ್ 1923ರಲ್ಲಿ ಉಡುಪಿಯಲ್ಲಿ ಆಸ್ಪತ್ರೆ ತೆರೆದರು. ಅವರು ಪ್ರಾರ್ಥನೆಯನ್ನೂ ಚಿಕಿತ್ಸೆಯನ್ನೂ ಎದುರಾಳಿಗಳಾಗಿ ಕಾಣಲಿಲ್ಲ. ಇಂದು ಯಾರೋ ಎಲ್ಲಿಂದಲೋ ಬಂದು ನಂಬಿಕೆ ಇದ್ದರೆ ಇನ್ಸುಲಿನ್ ಯಾಕೆ ಎನ್ನುತ್ತಾರೆ. ಸಾಮಾನ್ಯ ಕ್ಷಯಕ್ಕೆ 6 ತಿಂಗಳು ಮಾತ್ರೆ ನುಂಗಬೇಕು, ನಡುವೆ ನಿಲ್ಲಿಸಿದರೆ ರೋಗ ಇನ್ನಷ್ಟು ಹಟಮಾರಿಯಾಗುತ್ತದೆ. ಇಂಥ ಸಲಹೆ ಕೊಡುವವರನ್ನು ಮನೆಯೊಳಗೆ ಬಿಡಬೇಡಿ ಎಂದು ನಾನು ನೇರವಾಗಿ ಹೇಳುತ್ತೇನೆ.

ವಾಸಿಯಾಗದವರಿಗೆ "ನಿಮ್ಮ ನಂಬಿಕೆ ಸಾಲದು" ಎನ್ನುವುದು ಇದಕ್ಕಿಂತ ಕ್ರೂರ. ತನ್ನ ಶರೀರದಲ್ಲಿದ್ದ ಮುಳ್ಳು ತೆಗೆಯಬೇಕೆಂದು ಪೌಲ ಮೂರು ಸಲ ಬೇಡಿಕೊಂಡನು, ತೆಗೆಯಲ್ಪಡಲಿಲ್ಲ. ಪೌಲನಿಗೆ ನಂಬಿಕೆ ಸಾಲಲಿಲ್ಲ ಎನ್ನುವ ಧೈರ್ಯ ಯಾರಿಗಿದೆ?

8. ಪ್ರಾರ್ಥನಾ ವಿಷಯವನ್ನು ಸುದ್ದಿ ಮಾಡಬೇಡಿ

ವಾಟ್ಸಾಪ್ ಗುಂಪುಗಳು ಬಂದ ಮೇಲೆ ಇದು ದೊಡ್ಡ ಪಿಡುಗಾಗಿದೆ. ಇಂಥವರ ಮಗಳಿಗಾಗಿ ಪ್ರಾರ್ಥಿಸಿ ಎಂದು ಕಾಯಿಲೆ, ಡಾಕ್ಟರು, ಕಾರಣ ಎಲ್ಲವನ್ನೂ ಬರೆದು ಹಾಕುತ್ತಾರೆ. ಸಂಜೆಯೊಳಗೆ ದುಬೈಯಲ್ಲಿರುವ ಬಂಧುಗಳಿಗೂ ತಿಳಿಯುತ್ತದೆ. ಒಪ್ಪಿಗೆ ಕೇಳಿ, ಇಲ್ಲವಾದರೆ ಹೆಸರಿಲ್ಲದೆ ಪ್ರಾರ್ಥಿಸಿ. ದೇವರಿಗೆ ವಿಳಾಸ ಗೊತ್ತು.

9. ಇವತ್ತಿನ ದಿನಕ್ಕೆ ಸಾಕಾಗುವಷ್ಟು

ಭರವಸೆ ಇಡುವುದೆಂದರೆ ಮುಂದಿನದ್ದೆಲ್ಲ ಸರಿಹೋಗುತ್ತದೆಂಬ ಖಾತ್ರಿ ಎಂದು ತುಂಬ ಜನ ತಿಳಿದಿದ್ದಾರೆ. ಅಂಥ ಖಾತ್ರಿ ಇರುವವರನ್ನು ನಾನು ವಾರ್ಡಿನಲ್ಲಿ ಕಂಡದ್ದು ಅಪರೂಪ. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ಮನ್ನಾ ದಿನದ ಲೆಕ್ಕದಲ್ಲೇ ಸಿಕ್ಕಿತು. ಸಬ್ಬತ್ತಿನ ಹಿಂದಿನ ದಿನ ಬಿಟ್ಟು ಬೇರೆ ದಿನ ನಾಳೆಗೆಂದು ತೆಗೆದಿಟ್ಟದ್ದು ಹುಳಬಿತ್ತು. ಗಂಡನನ್ನು ಡಯಾಲಿಸಿಸ್‌ಗೆ ಕರೆತರುವ ಒಬ್ಬ ಅಮ್ಮ ಮುಂದಿನ ಡಯಾಲಿಸಿಸ್ ತನಕದ ಬಲವನ್ನಷ್ಟೇ ಬೇಡುತ್ತಾರೆ. "ಅದರಾಚೆಗಿನದ್ದು ಕೇಳಲಿಕ್ಕೆ ಹೋದರೆ ನನಗೆ ಭಯವಾಗುತ್ತದೆ ಟೀಚರ್, ಇಷ್ಟು ಕೇಳಿದರೆ ಸಿಗುತ್ತದೆ" ಎನ್ನುತ್ತಾರೆ. ತಮ್ಮದು ಸಣ್ಣ ನಂಬಿಕೆ ಎಂಬ ಸಂಕೋಚ ಅವರಿಗಿದೆ. ಮಾರ್ಕನ ಸುವಾರ್ತೆಯಲ್ಲಿ ಒಬ್ಬ ತಂದೆ ನಂಬುತ್ತೇನೆ, ನನ್ನ ಅಪನಂಬಿಕೆಗೂ ಸಹಾಯ ಮಾಡು ಎಂದು ಒಂದೇ ಉಸಿರಿನಲ್ಲಿ ಕೂಗಿಕೊಂಡದ್ದನ್ನು ನಾನು ಅವರಿಗೆ ಓದಿ ಹೇಳಿದ್ದೇನೆ. ಅವನ ಮಗ ವಾಸಿಯಾದನು.

ಈಗ ನಮ್ಮ ಕಡೆಯ ಸಭೆಗಳಲ್ಲಿ ಭೇಟಿಗೆ ಹೋಗುವವರು ಕಡಿಮೆಯಾಗಿದ್ದಾರೆ. ಯುವಕರು ಬೆಂಗಳೂರು, ಕೊಲ್ಲಿ ಎಂದು ಹೋಗಿದ್ದಾರೆ, ಸಭಾಪಾಲಕರೊಬ್ಬರೇ ಎಲ್ಲ ಹಾಸಿಗೆಗಳ ಬಳಿಗೂ ಹೋಗಲಾರರು. ಈ ಕೆಲಸಕ್ಕೆ ದೇವಶಾಸ್ತ್ರದ ಪದವಿ ಬೇಡ, ಚೆನ್ನಾಗಿ ಹಾಡಲು ಬರಬೇಕಿಲ್ಲ. ವಾರದಲ್ಲಿ ಒಂದು ಮಧ್ಯಾಹ್ನ ಬಿಡುವಿದ್ದರೆ, ಕೇಳುವ ಕಿವಿಯಿದ್ದರೆ, ಬರುವ ಭಾನುವಾರ ಆರಾಧನೆ ಮುಗಿದ ಮೇಲೆ ನಿಮ್ಮ ಸಭಾಪಾಲಕರಿಗೆ ಹೆಸರು ಕೊಡಿ.