ಚಾಸಿಗೆ ಕಟರ್ ತಾಗಬಾರದು

1969ರ ಜಾವಾ 250 ಕೈಗೆ ಬಂದ ದಿನದಿಂದ ನನ್ನ ತಲೆಯಲ್ಲಿ ಕಚ್ಛದ ರಣ ಕೂತುಬಿಟ್ಟಿತ್ತು. ಮೇಲಕ್ಕೆತ್ತಿ ಕಟ್ಟಿದ ಸೈಲೆನ್ಸರ್, ಅಗಲವಾದ ಹ್ಯಾಂಡಲ್, ಎಂಜಿನ್ನಿನ ಹೊಟ್ಟೆಗೆ ದಪ್ಪ ತಗಡು. ಜಾವಾದ ತವರು ಚೆಕೊಸ್ಲೊವಾಕಿಯಾ 1970ರಿಂದ 1974ರವರೆಗೆ ಸತತ ಐದು ವರ್ಷ ಸಿಕ್ಸ್ ಡೇಸ್ ಟ್ರಯಲ್ ಎಂಬ ಬೈಕ್ ಸ್ಪರ್ಧೆಯ ದೊಡ್ಡ ಟ್ರೋಫಿ ಗೆದ್ದ ಕಾಲದ ಗಾಡಿಗಳ ರೂಪ ಅದು. ನನ್ನದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದದ್ದು. 1996ರಲ್ಲಿ ಬಾಗಿಲು ಹಾಕಿದ ಆ ಕಾರ್ಖಾನೆಯ ಊರಿನವನೇ ನಾನು. ಪುಣೆಗೆ ಬಂದರೂ ಆ ಮೋಹ ಬಿಡಲಿಲ್ಲ.

ಗಾಡಿಗೆ 95,000 ರೂಪಾಯಿ ಕೊಟ್ಟೆ, ಬಿಡಿಭಾಗಕ್ಕೆಂದು 60,000 ಎತ್ತಿಟ್ಟೆ. ಶಿವಾಜಿನಗರದ ನಮ್ಮ ಗಲ್ಲಿಯ ಮೆಕ್ಯಾನಿಕ್ ಕಾಕಾ ಸೊಲ್ಲಾಪುರದವರು, ಮನೆಮಾತು ಕನ್ನಡ. ಚಾಸಿಯ ಹಿಂಭಾಗ ಸ್ವಲ್ಪ ಕತ್ತರಿಸಿ ಸೈಲೆನ್ಸರ್‌ಗೆ ಜಾಗ ಮಾಡೋಣ ಅಂದೆ. ಅವರು ಕೈಯಲ್ಲಿದ್ದ ಪಾನಾ ಕೆಳಗಿಟ್ಟರು.

"ಬೋಲ್ಟ್ ಬಿಚ್ಚಿದ್ರ ಹಳೇ ಗಾಡಿ ವಾಪಸ್ ಸಿಗ್ತೈತ್ರಿ ಸರ. ಕಟರ್ ಹಚ್ಚಿದ್ರ ಸಿಗಂಗಿಲ್ಲ."

ದುಡ್ಡಿನ ಲೆಕ್ಕದಲ್ಲಿ ಇದಕ್ಕಿಂತ ಉಪಯೋಗದ ಮಾತು ನನಗೆ ಯಾರೂ ಹೇಳಿಲ್ಲ. 2021ರ ಕೇಂದ್ರ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿ, ಎಂಜಿನ್ ಬದಲಾಗದೆ ಮೂಲ ರೂಪದಲ್ಲಿರುವ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತದೆ. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಆದರೆ ಆ ನಂಬರಿನ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ನನಗೆ ರಣಕ್ಕೆ ಹೋಗಬೇಕಿತ್ತು, ಹಾಗಾಗಿ ಮಾಮೂಲಿ ಆರ್‌ಸಿಯನ್ನೇ ಐದು ವರ್ಷಕ್ಕೆ ನವೀಕರಿಸಿಕೊಂಡೆ. ವಿಂಟೇಜ್ ದಾರಿಯನ್ನು ಮುಂದಕ್ಕೆ ತೆರೆದಿಟ್ಟುಕೊಂಡೆ. ಚಾಸಿಯ ಒಂದು ಅಡಿ ಪೈಪು ಕತ್ತರಿಸಿದ್ದರೆ ಆ ದಾರಿ ಅಲ್ಲಿಗೇ ಮುಚ್ಚುತ್ತಿತ್ತು. ನಾಳೆ ಮಾರುವವನಿಗೂ ಇದೇ ಲೆಕ್ಕ: ಎಂಜಿನ್ ನಂಬರು, ಚಾಸಿ ನಂಬರು ಆರ್‌ಸಿಯೊಂದಿಗೆ ತಾಳೆಯಾಗದ ಗಾಡಿಗೆ ಎಷ್ಟು ಅಪರೂಪದ ಭಾಗ ಹಾಕಿದರೂ ಆ ದುಡ್ಡು ಹಿಂದಿರುಗುವುದಿಲ್ಲ.

ಪೆಟ್ಟು ತಿಂದದ್ದು ಕಾರ್ಬ್ಯುರೇಟರ್‌ನಲ್ಲಿ. ಫೋನಿನಲ್ಲಿ ಸಿಕ್ಕ ವ್ಯಾಪಾರಿಯೊಬ್ಬ "ಹಳೇ ಸ್ಟಾಕು, ಡಬ್ಬಿ ಒಡೆದಿಲ್ಲ" ಎಂದು 6,500 ರೂಪಾಯಿಗೆ ಜಿಕೋವ್ ಹೆಸರಿನ ಕಾರ್ಬ್ಯುರೇಟರ್ ಕಳಿಸಿದ. ಕಾಕಾ ಅದನ್ನು ಬಿಸಿಲಿಗೆ ಹಿಡಿದು ಉಗುರಿನಿಂದ ಅಚ್ಚಿನ ಅಕ್ಷರ ಸವರಿದರು. ಅಂಚುಗಳು ಸೋಪಿನ ಹಾಗೆ ನುಣ್ಣಗಿದ್ದವು. ಅಸಲಿಯನ್ನೇ ಅಚ್ಚಾಗಿಟ್ಟು ಎರಕ ಹೊಯ್ದ ನಕಲಿನಲ್ಲಿ ಅಕ್ಷರದ ಮೊನೆ ಉಳಿಯುವುದಿಲ್ಲ. ಒಳಗಿನ ಸ್ಲೈಡ್ ಕೂಡ ಲಟಪಟ ಅನ್ನುತ್ತಿತ್ತು. ಆ ಸಂದಿನಿಂದ ಗಾಳಿ ಎಳೆದುಕೊಂಡರೆ ಮಿಶ್ರಣದಲ್ಲಿ ಪೆಟ್ರೋಲು ಕಡಿಮೆಯಾಗುತ್ತದೆ, ಎಂಜಿನ್ ಕಾಯುತ್ತದೆ, ಟೂ ಸ್ಟ್ರೋಕ್ ಗಾಡಿಯ ಪಿಸ್ಟನ್ ಹಿಡಿದುಕೊಳ್ಳುತ್ತದೆ. ರಣದ ನಡುವೆ ಹಾಗಾಗಿದ್ದರೆ? ಆ 6,500 ಹಿಂದೆ ಬರಲಿಲ್ಲ.

ಮುಂದಿನ ಭಾನುವಾರ ಮುಠಾ ನದಿ ದಾಟಿ ಜೂನಾ ಬಾಜಾರಿಗೆ ಹೋದೆವು. ಬುಧವಾರ, ಭಾನುವಾರ ಕೂಡುವ ಸಂತೆ. ಗೋಣಿತಾಟಿನ ಮೇಲೆ ನಲ್ಲಿ, ಬೀಗ, ಗಡಿಯಾರಗಳ ನಡುವೆ ಮಸಿ ಹಿಡಿದ ಅಸಲಿ ಜಿಕೋವ್ ಬಿದ್ದಿತ್ತು. 1,800ಕ್ಕೆ ಮುಗಿಯಿತು. ಸ್ಲೈಡ್ ಬಿಗಿಯಾಗಿತ್ತು, ಸೂಜಿ, ಜೆಟ್ ಮಾತ್ರ ಹೊಸದು ಹಾಕಿದೆವು.

ಟೈರು, ಬ್ರೇಕ್ ಶೂ, ಕೇಬಲ್, ಬೇರಿಂಗುಗಳು ಗಾಡಿಯ ಕಾಲದ್ದೇ ಆಗಬೇಕೆಂದು ನಾನು ನೋಡಲಿಲ್ಲ. ಹಳೇ ಸ್ಟಾಕಿನ ಟೈರನ್ನು ಯಾರಾದರೂ ಪುಕ್ಕಟೆ ಕೊಟ್ಟರೂ ಬೇಡ. ರಬ್ಬರು ಕೂತಲ್ಲೇ ಕಲ್ಲಾಗುತ್ತದೆ. ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. ಅದನ್ನು ಓದಿಯೇ ದುಡ್ಡು ಕೊಟ್ಟೆ. ಉಳಿಸಿದ್ದನ್ನು ಗಾಳಿ ಸೋಸುವ ಫಿಲ್ಟರ್‌ಗೆ ಹಾಕಿದೆ; ಮರಳಿನ ಒಂದು ಹಿಡಿ ಸಾಕು, ಸಿಲಿಂಡರಿಗೆ ಗೀರು ಬೀಳಲು.

ಎತ್ತರದ ಸೈಲೆನ್ಸರ್ ಕೊನೆಗೂ ಬಂತು, ಇದ್ದ ಬೋಲ್ಟುಗಳಿಗೇ ಹಿಡಿಸುವ ಪಟ್ಟಿಯ ಮೇಲೆ. ಮೂಲದ ಎರಡು ಸೈಲೆನ್ಸರ್‌ಗಳು ಎಣ್ಣೆ ಬಟ್ಟೆಯಲ್ಲಿ ಸುತ್ತಿಕೊಂಡು ನನ್ನ ಮಂಚದ ಕೆಳಗಿವೆ. ಪ್ರತಿ ಬೋಲ್ಟಿಗೂ ಚೀಟಿ ಕಟ್ಟಿದ್ದೇನೆ.