ರೊಹಿಂಗ್ಯಾ ನಿರಾಶ್ರಿತ ಮಕ್ಕಳು: ಪರೀಕ್ಷಾ ಟಿಪ್ಪಣಿ

2017ರ ಆಗಸ್ಟ್ 25ರ ನಂತರ ಮ್ಯಾನ್ಮಾರ್‌ನ ರಖೈನ್ ರಾಜ್ಯದಲ್ಲಿ ನಡೆದ ಸೇನಾ ಕಾರ್ಯಾಚರಣೆಯಿಂದ 7 ಲಕ್ಷಕ್ಕೂ ಹೆಚ್ಚು ರೊಹಿಂಗ್ಯಾ ಜನ ಬಾಂಗ್ಲಾದೇಶಕ್ಕೆ ಓಡಿಬಂದರು. ಗಡಿಯಲ್ಲಿರುವ ನದಿ ನಾಫ್. ಶಿಬಿರಗಳಿರುವುದು ಕಾಕ್ಸ್ ಬಜಾರ್ ಜಿಲ್ಲೆಯಲ್ಲಿ. ಕುಟುಪಲಾಂಗ್ ಅವುಗಳಲ್ಲಿ ಅತಿ ದೊಡ್ಡದು. ಶಿಬಿರವಾಸಿಗಳಲ್ಲಿ ಅರ್ಧದಷ್ಟು ಮಕ್ಕಳೇ.

ಸಮಸ್ಯೆಯ ಬೇರು ಹಳೆಯದು. ಮ್ಯಾನ್ಮಾರ್‌ನ 1982ರ ಪೌರತ್ವ ಕಾಯ್ದೆಯಿಂದಾಗಿ ಬಹುಪಾಲು ರೊಹಿಂಗ್ಯಾಗಳು ಯಾವ ದೇಶದ ಪ್ರಜೆಗಳೂ ಅಲ್ಲದಂತಾದರು. ಹುಟ್ಟುವ ಮಗುವಿಗೂ ಅದೇ ಪಾಡು.

ಶಿಬಿರಗಳಲ್ಲಿ ಮರ ಕಡಿದ ಗುಡ್ಡಗಳ ಮೇಲೆ ಬಿದಿರು, ಟಾರ್ಪಾಲಿನ ಗುಡಿಸಲುಗಳು. ಮಳೆಗಾಲ ಬಂತೆಂದರೆ ಮಣ್ಣು ಕುಸಿಯುತ್ತದೆ. ಲಸಿಕೆ ಸಿಗದೆ ಬೆಳೆದ ಮಕ್ಕಳಲ್ಲಿ 2017ರ ಕೊನೆಗೆ ಗಂಟಲಮಾರಿ ಹರಡಿತು. ಅಡುಗೆ ಅನಿಲ ಹಂಚಿದ ಮೇಲೆ ಸೌದೆಗಾಗಿ ಕಾಡಿಗೆ ಹೋಗುವ ಅಪಾಯ ತಗ್ಗಿತು. ಇದು ಸಣ್ಣ ಕ್ರಮವಲ್ಲ, ಹೆಣ್ಣುಮಕ್ಕಳ ಸುರಕ್ಷತೆಯ ಪ್ರಶ್ನೆ. ಆದರೆ 2023ರಲ್ಲಿ ಹಣದ ಕೊರತೆಯಿಂದ ವಿಶ್ವ ಆಹಾರ ಕಾರ್ಯಕ್ರಮವು ತಲಾ ತಿಂಗಳ ಪಡಿತರವನ್ನು 12 ಡಾಲರ್‌ನಿಂದ 8 ಡಾಲರ್‌ಗೆ ಇಳಿಸಿತು. ಬೆಳೆಯುವ ಮಗುವಿನ ತಟ್ಟೆಯಿಂದಲೇ ಕಡಿತವಾದ ಹಣವಿದು.

ನೆನಪಿಡಿ: ಗಡಿ ದಾಟಿದವರು ನಿರಾಶ್ರಿತರು, ದೇಶದೊಳಗೇ ನೆಲೆ ಕಳೆದುಕೊಂಡವರು ಆಂತರಿಕ ಸ್ಥಳಾಂತರಿತರು. ನಿರಾಶ್ರಿತರ ಒಪ್ಪಂದ 1951, ಪ್ರೋಟೋಕಾಲ್ 1967. ಭಾರತ, ಬಾಂಗ್ಲಾದೇಶ ಎರಡೂ ಸಹಿ ಹಾಕಿಲ್ಲ. ಮಕ್ಕಳ ಹಕ್ಕುಗಳ ಒಡಂಬಡಿಕೆ 1989. ನಿರಾಶ್ರಿತ ಮಕ್ಕಳ ರಕ್ಷಣೆ ಅದರ 22ನೇ ವಿಧಿಯಲ್ಲಿದೆ. ಯುನಿಸೆಫ್ ಸ್ಥಾಪನೆ 1946, ನೊಬೆಲ್ ಶಾಂತಿ ಪ್ರಶಸ್ತಿ 1965. ವಿಶ್ವ ನಿರಾಶ್ರಿತರ ದಿನ ಜೂನ್ 20.